ಒಳಹೊಲಿಗೆ

ಉಪ್ಪಳ ಪೇಟೆಯ ಅರ್ಧ ಹೆಂಗಸರ ಎದೆಯಳತೆ
ನನ್ನ ನೋಟುಪುಸ್ತಕದಲ್ಲಿ ಉಂಟು, ಪೆನ್ಸಿಲಿನಲ್ಲಿ.
ಹೆರಿಗೆಯಾದರೆ ಅಳಿಸಿ ತಿದ್ದುತ್ತೇನೆ,
ಗಂಡ ಗಲ್ಫಿನಿಂದ ಬಂದರೆ ಕತ್ತು ಅರ್ಧ ಇಂಚು ಇಳಿಸುತ್ತೇನೆ.
ಯಾರ ಗುಟ್ಟನ್ನೂ ಬಾಯಿಬಿಟ್ಟವಳಲ್ಲ.

ನನ್ನ ಅಳತೆ ಮಾತ್ರ ಎಲ್ಲಿಯೂ ಬರೆದಿಟ್ಟಿರಲಿಲ್ಲ.

ಒಂದು ಬುಧವಾರ ಕರೆಂಟು ಹೋಗಿದ್ದಾಗ
ಬೆವರೊರೆಸಲು ಸೆರಗಿನೊಳಗೆ ಹೋದ ಕೈ
ಅಲ್ಲೇ ನಿಂತಿತು.
ಬಟ್ಟೆಗೂ ಲೈನಿಂಗಿಗೂ ನಡುವೆ
ಬಿದ್ದುಹೋದ ಗುಂಡಿ ಹೇಗಿರುತ್ತದೋ ಹಾಗೆ:
ಒತ್ತಿದರೆ ಜಾರುತ್ತದೆ,
ಬಿಟ್ಟರೆ ಮತ್ತೆ ಬಂದು ಕೂರುತ್ತದೆ.
ಬಿಚ್ಚದೆ ತೆಗೆಯಲಾಗದು ಅಂತ
ಹದಿನಾಲ್ಕು ವರ್ಷ ಮಿಷನ್ ತುಳಿದವಳಿಗೆ ಯಾರು ಹೇಳಬೇಕು?

ಚೌತಿಯ ಆರ್ಡರು, ಓಣಂ ಆರ್ಡರು.
ಹುಣಸೆಬೀಜದಷ್ಟಿದ್ದದ್ದು ಗೇರುಬೀಜದಷ್ಟಾಯಿತು.
ಕಪಾಟಿನಲ್ಲಿ ಸೀತಾರತ್ನ ಟೀಚರ ರವಿಕೆ ಇತ್ತು,
ಬಲಗಡೆ ಮಾಮೂಲು;
ಎಡಗಡೆ ಒಳಗಿನಿಂದ ಚೀಲ ಮಾಡಿ
ಹತ್ತಿ ತುಂಬಿ, ತೂಕ ಸಮ ಬರಲೆಂದು
ಒಂದು ಹಿಡಿ ಸಾಸಿವೆ.
ಆ ಕಪಾಟು ತೆರೆಯುವಾಗೆಲ್ಲ
ನಾನು ರಸ್ತೆ ನೋಡುತ್ತಿದ್ದೆ.

ಕೊನೆಗೆ ಕಾಜ ಹಾಕುವ ಸುಹರಾ ಕಂಡುಹಿಡಿದಳು:
"ಅಕ್ಕ, ನೀವು ಎಡಗೈ ಎತ್ತುವುದೇ ಇಲ್ಲವಲ್ಲ, ಎಂತ?"
ಮರುದಿನ ಕಾಸರಗೋಡಿಗೆ ರೈಲು,
ಅವಳ ಕೊಡೆ, ಅವಳ ಮಲಯಾಳ.

ಡಾಕ್ಟರ್ ಪ್ರಸೀದ ಮುಟ್ಟಿ ನೋಡಿ "ಮುಳ" ಎಂದರು.
ನನಗೆ ಕೇಳಿಸಿದ್ದು ಮೊಳ.
ಅಷ್ಟುದ್ದವೇ!
"ಪೇಡಿಕ್ಕಂಡ" ಎಂದಳು ನರ್ಸು, ಹೆದರಬೇಡ ಅಂತ.
ಹೇಡಿ ಎಂದಂತೆ ಕೇಳಿಸಿತು,
ಅದೂ ಸುಳ್ಳಲ್ಲ.

ಸ್ಕ್ಯಾನಿನ ಪರದೆಯಲ್ಲಿ,
ಕಪ್ಪು ಬಟ್ಟೆಯ ಮೇಲೆ ಚಾಕಿನಲ್ಲಿ ಎಳೆದ ಮೊಟ್ಟೆ.
ಅಂಚು ಎಲ್ಲಿಯೂ ಪಿಸಿದಿಲ್ಲ.
ಆಮೇಲೆ ಸೂಜಿ,
ನನ್ನ ಹನ್ನೊಂದನೇ ನಂಬರಿಗಿಂತಲೂ ಸಪೂರ.
ರಿಪೋರ್ಟಿಗೆ ಎಂಟು ದಿನ.
ಆ ಎಂಟು ದಿನದಲ್ಲಿ ಎಡತೋಳನ್ನು ಬಲಕ್ಕೆ ಹಚ್ಚಿದೆ,
ಎರಡು ಸಲ.

"ಕೆಟ್ಟದ್ದಲ್ಲ," ಎಂದರು ಡಾಕ್ಟರು, ಕಷ್ಟಪಟ್ಟು ಕನ್ನಡದಲ್ಲಿ.
"ಇರಲಿ ಅಂದರೆ ನೋಡಿಕೊಂಡು ಬಿಡಬಹುದು. ಬೆಳೆಯುತ್ತಾ ಉಂಟು,
ಬೇಡ ಅಂದರೆ ತೆಗೆಯುವ."
ಲೈನಿಂಗಿನಲ್ಲಿ ಗುಂಡಿ ಬಿಟ್ಟು
ಗಿರಾಕಿಗೆ ಕೊಟ್ಟವಳಲ್ಲ ನಾನು.

ಎಲ್ಲಿ ಕತ್ತರಿಸುತ್ತೀರಿ, ಕೇಳಿದೆ.
ನೇರಳೆ ಪೆನ್ನಿನಿಂದ ಅವರು ಗೆರೆ ಎಳೆದದ್ದು
ಮೊಲೆತೊಟ್ಟಿನ ಸುತ್ತಿನ ಕಡುಬಣ್ಣ ಮುಗಿದು
ತಿಳಿಬಣ್ಣ ಶುರುವಾಗುವಲ್ಲಿ.
ಅರೆ, ಜೋಡಣೆ ನಾನೂ ಅಲ್ಲೇ ಹಾಕುವುದು,
ಬಣ್ಣ ಬದಲಾಗುವಲ್ಲಿ. ಕಾಣುವುದಿಲ್ಲ.
ಆಗ ಮೊದಲ ಸಲ ಉಸಿರು ಪೂರಾ ಬಿಟ್ಟೆ.

ಮರಗಟ್ಟಿದ ಎದೆ, ಹಸಿರು ಬಟ್ಟೆಯ ಪರದೆ,
ಆಚೆ ಕತ್ತರಿಯ ಸದ್ದು.
ಒಳ್ಳೆಯ ಕತ್ತರಿ, ಎಲ್ಲಿಯೂ ಕಚ್ಚುತ್ತಿರಲಿಲ್ಲ.
ಸ್ಟೀಲು ಬಟ್ಟಲಿನಲ್ಲಿ ತೋರಿಸಿದರು:
ಸಿಪ್ಪೆ ಸುಲಿದ ಹಲಸಿನಬೀಜ, ಬೆಳ್ಳಗೆ, ನುಣ್ಣಗೆ.
ಇದಕ್ಕಾ ನಾನು ಎರಡು ಹಬ್ಬ ನಿದ್ದೆಗೆಟ್ಟದ್ದು?
ಅದನ್ನೂ ಪರೀಕ್ಷೆಗೆ ಕಳಿಸಿದರು. ಮತ್ತೆ ಅದೇ ಮಾತು.

ಪಟ್ಟಿ ತೆಗೆದ ದಿನ
ಅಂಗಡಿಯ ಕನ್ನಡಿಯಲ್ಲಿ ನೋಡಿದೆ.
ಒಳಗೇ ಹೋಗಿ ಒಳಗೇ ಬಂದ ಹೊಲಿಗೆ,
ಗಂಟು ಎಲ್ಲಿ ಹಾಕಿದರೋ ಗೊತ್ತಾಗಲಿಲ್ಲ.
ಸುಹರಾಳಿಗೆ ತೋರಿಸಿದೆ. ಕಲಿ, ಎಂದೆ.

ಶನಿವಾರ ಸೀತಾರತ್ನ ಟೀಚರು ಬಂದರು.
"ಅಂಗಡಿ ಬಾಗಿಲು ಹಾಕಿತ್ತಲ್ಲ, ಎಂತ ಆಯಿತು?"
"ಎಂತದೂ ಇಲ್ಲ ಟೀಚರೇ."
ಹೇಳಿ ನಾಲಿಗೆ ಕಚ್ಚಿಕೊಂಡೆ.
ನಾನು ಕಪಾಟಿಗೆ ಬಲಗೈ ಚಾಚಿದ್ದನ್ನು ಅವರು ನೋಡಿದರು.
"ಎಡವಾ?"
ಹೂಂ ಎಂದೆ.
"ಎಂತದೂ ಇಲ್ಲ ತಾನೇ?"
ಇಲ್ಲ ಎಂದೆ, ಟೇಪು ಸುತ್ತುತ್ತಾ.

ರವಿಕೆ ತೊಟ್ಟು ಪರದೆಯಿಂದ ಹೊರಬಂದರು.
"ಸಾಸಿವೆ ಜಾಸ್ತಿಯಾಯಿತು ಮಾರಾಯ್ತಿ,
ಬಸ್ಸಿನಲ್ಲಿ ಪಕ್ಕದವರ ಮೇಲೆ ಬೀಳುತ್ತೇನೆ."
ನಗು ಮೊದಲು ಅವರಿಗೆ ಬಂತು.

ಬಿಚ್ಚಿ, ಎರಡು ಚಮಚ ತೆಗೆದು, ಮತ್ತೆ ಹೊಲಿದೆ,
ಈ ಸಲ ಒಳಗಿನಿಂದ, ಗಂಟು ಕಾಣದ ಹಾಗೆ.
ದುಡ್ಡು ಬೇಡ ಎಂದೆ.
ಅವರು ಮೇಜಿನ ಮೇಲಿಟ್ಟು ಹೋದರು,
ಚೆಲ್ಲಿದ ಸಾಸಿವೆಯ ಪಕ್ಕ.